ಸಿಟ್ಟಿನ ಜೊತೆ ಕತೆಯೂ ಹೋಯಿತೇ?

ಪ್ರಶ್ನೆ: ನನಗೆ 38 ವರ್ಷ. ಹಗಲಿಗೆ ಜಾಹೀರಾತು ಸಂಸ್ಥೆಯೊಂದರಲ್ಲಿ ಡಿಸೈನರ್, ರಾತ್ರಿ ಕತೆ ಬರೆಯುವ ಹುಚ್ಚು. ಮೊದಲಿಂದಲೂ ಮುಂಗೋಪಿ. ಯಾರ ಜೊತೆಗಾದರೂ ಜಗಳವಾಡಿದ ರಾತ್ರಿಯೇ ನನ್ನ ಒಳ್ಳೆಯ ಕತೆಗಳು ಹುಟ್ಟಿದ್ದು. ಆದರೆ ಮನೆಯವರು ನನ್ನನ್ನು ಕಂಡು ಹೆದರುವಂತಾದಾಗ ನನಗೇ ನಾಚಿಕೆಯಾಗಿ, ಎರಡು ವರ್ಷ ಪಟ್ಟು ಹಿಡಿದು ಎಲ್ಲವನ್ನೂ ನುಂಗಿಕೊಳ್ಳಲು ಕಲಿತೆ. ಈಗ ಕೂಗಾಡುವುದಿಲ್ಲ, ಅಳುವುದೂ ಇಲ್ಲ. ಎಲ್ಲರೂ ‘ಎಷ್ಟು ಬದಲಾಗಿದ್ದೀಯ’ ಎಂದು ಮೆಚ್ಚುತ್ತಾರೆ. ಆದರೆ ಒಂದು ವರ್ಷದಿಂದ ಒಂದು ಕತೆಯೂ ಹುಟ್ಟಿಲ್ಲ. ಆಫೀಸಿನಲ್ಲೂ ‘ನೀಟಾಗಿದೆ, ಆದರೆ ಹೊಸದೇನೂ ಇಲ್ಲ’ ಎನ್ನುತ್ತಿದ್ದಾರೆ. ಭಾವನೆಗಳನ್ನು ಹತೋಟಿಯಲ್ಲಿಟ್ಟರೆ ಸೃಜನಶೀಲತೆ ಬತ್ತಿಹೋಗುತ್ತದೆಯೇ ಡಾಕ್ಟ್ರೇ? ಹಳೆಯ ಸಿಟ್ಟನ್ನೇ ಮರಳಿ ಕರೆದುಕೊಳ್ಳಲೇ?

ಉತ್ತರ: ಬೇಡ. ಆ ಸಿಟ್ಟು ಅಷ್ಟು ಕಷ್ಟಪಟ್ಟು ಬಿಟ್ಟದ್ದು, ಅದನ್ನು ಮತ್ತೆ ಕರೆಯಬೇಡಿ. ಆದರೆ ನಿಮ್ಮ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಏನೋ ಬತ್ತಿದೆ ಎಂದು ನಿಮಗೆ ಅನ್ನಿಸಿದ್ದು ನಿಜವೇ. ಅದು ಎಲ್ಲಿ ಬತ್ತಿತು ಎನ್ನುವುದರ ಸುಳಿವು ನಿಮ್ಮ ಪತ್ರದ ಒಂದು ಪದದಲ್ಲಿದೆ: ‘ನುಂಗಿಕೊಳ್ಳಲು’.

ಭಾವನೆಗಳನ್ನು ನಿಭಾಯಿಸುವುದು ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವ ಚಿತ್ರ ಇದೇ. ಉಕ್ಕುವ ಪಾತ್ರೆಯ ಮುಚ್ಚಳ ಒತ್ತಿ ಹಿಡಿಯುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ 1998ರ ಹೊತ್ತಿಗೆ ಈ ವಿಷಯಕ್ಕೆ ಒಂದು ನಕ್ಷೆ ಹಾಕಿಕೊಟ್ಟರು. ಭಾವನೆ ಒಮ್ಮೆಲೇ ಬಂದೆರಗುವ ಸಿಡಿಲಲ್ಲ, ಅದು ಹಂತ ಹಂತವಾಗಿ ಬೆಳೆಯುತ್ತದೆ, ಪ್ರತಿ ಹಂತದಲ್ಲೂ ನಾವು ಕೈಹಾಕಬಹುದು ಎಂಬುದು ಅದರ ತಿರುಳು. ನಿಮ್ಮದೇ ಕೆಲಸದಿಂದ ಒಂದು ಸನ್ನಿವೇಶ ಊಹಿಸೋಣ. ನೀವು ವಾರವಿಡೀ ಕೂತು ಮಾಡಿದ ಡಿಸೈನನ್ನು ಮೀಟಿಂಗಿನಲ್ಲಿ ಎಲ್ಲರೆದುರು ಒಬ್ಬರು ಲೇವಡಿ ಮಾಡಿದರು. ಅಂಥವರಿರುವ ಮೀಟಿಂಗಿಗೆ ಹೋಗದಿರುವುದು ಒಂದು ದಾರಿ. ಹೋದರೂ ಡಿಸೈನನ್ನು ಅವರಿಗೆ ಮೊದಲೇ ಒಂಟಿಯಾಗಿ ತೋರಿಸಿರುವುದು ಇನ್ನೊಂದು. ಲೇವಡಿಯ ಹೊತ್ತಿನಲ್ಲಿ ಗಮನವನ್ನು ಬೇರೆಡೆಗೆ ಹೊರಳಿಸುವುದು ಮೂರನೆಯದು. ‘ಈತ ಹೀಗೇಕೆ ಹೇಳುತ್ತಿದ್ದಾನೆ’ ಎಂದು ಮಾತಿನ ಅರ್ಥವನ್ನೇ ಬೇರೆ ಕಡೆಯಿಂದ ನೋಡುವುದು ನಾಲ್ಕನೆಯದು. ಇದ್ಯಾವುದೂ ಆಗದೆ, ಸಿಟ್ಟು ಪೂರ್ತಿ ಏರಿ ಕಿವಿ ಬಿಸಿಯಾದ ಮೇಲೆ ಮುಖದ ಮೇಲೆ ಒಂದು ಗೆರೆಯೂ ಕಾಣದಂತೆ ಅದುಮುವುದು ಕೊನೆಯದು. ನೀವು ಎರಡು ವರ್ಷ ಸಾಧನೆ ಮಾಡಿದ್ದು ಈ ಕೊನೆಯದನ್ನು.

ಅದುಮುವುದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗಿರಾಕಿಯ ಎದುರು, ಮಗುವಿನ ಎದುರು, ವಾಹನ ಓಡಿಸುವಾಗ ಅದೇ ಬೇಕು. ಆದರೆ ಅದಕ್ಕೆ ಬೆಲೆಯುಂಟು. ಮುಖ ತಣ್ಣಗಾದರೂ ಒಳಗಿನ ಉರಿ ತಣ್ಣಗಾಗುವುದಿಲ್ಲ. ಭಾವನೆಯನ್ನು ಅದುಮಿಕೊಂಡು ಚಲನಚಿತ್ರ ನೋಡಿದವರ ಮೈಯಲ್ಲಿ ಒತ್ತಡದ ಗುರುತುಗಳು ಏರಿದ್ದನ್ನು ಗ್ರಾಸ್ ಮತ್ತು ಅವರ ಗುರು ರಾಬರ್ಟ್ ಲೆವೆನ್ಸನ್ 1990ರ ದಶಕದಲ್ಲೇ ಪ್ರಯೋಗಾಲಯದಲ್ಲಿ ಅಳೆದು ತೋರಿಸಿದರು. ಇನ್ನೊಂದು ಬೆಲೆ ನೆನಪಿನದು. ಅದುಮುತ್ತಾ ಕೂತವರಿಗೆ ಆ ಹೊತ್ತಿನಲ್ಲಿ ಎದುರಿನವರು ಆಡಿದ ಮಾತುಗಳು ಕಡಿಮೆ ನೆನಪಿರುತ್ತವೆ, ಏಕೆಂದರೆ ಗಮನದ ಒಂದು ಪಾಲು ತಮ್ಮ ಮುಖವನ್ನು ಕಾಯುವುದಕ್ಕೇ ಹೋಗಿರುತ್ತದೆ. ಕತೆ ಬರೆಯುವವರಿಗೆ ಇದೆಂಥ ನಷ್ಟ, ಯೋಚಿಸಿ. ಜಗಳದಲ್ಲಿ ಎದುರಿನವರು ಬಳಸಿದ ಆ ಒಂದು ವಿಚಿತ್ರ ಪದ, ಕೈ ಬೀಸಿದ ರೀತಿ, ನಡುವೆ ನುಂಗಿದ ಎಂಜಲು, ಇವೇ ತಾನೇ ನಿಮ್ಮ ಕಚ್ಚಾ ಮಾಲು? ಮುಖ ಕಾಯುವ ಗಡಿಬಿಡಿಯಲ್ಲಿ ಅದು ದಾಸ್ತಾನಿಗೇ ಬಂದಿಲ್ಲ.

ಮೂರನೆಯ ಬೆಲೆ ಇನ್ನೂ ಮೌನದ್ದು. ಗ್ರಾಸ್ ಮತ್ತು ಆಲಿವರ್ ಜಾನ್ 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಅದುಮುವುದನ್ನೇ ರೂಢಿ ಮಾಡಿಕೊಂಡವರು ನಲಿವನ್ನೂ ಕಡಿಮೆ ಅನುಭವಿಸುವುದು ಕಂಡುಬಂತು. ನೋವು ಮಾತ್ರ ಕಡಿಮೆಯಾಗಿರಲಿಲ್ಲ! ಬಾಗಿಲು ಕಾಯಲು ಇಟ್ಟ ಕಾವಲುಗಾರನಿಗೆ ಸಿಟ್ಟು ಯಾವುದು, ಸಂಭ್ರಮ ಯಾವುದು ಎಂಬ ಭೇದ ಅಷ್ಟಾಗಿ ತಿಳಿಯುವುದಿಲ್ಲ. ಇಲ್ಲಿಂದ ಮುಂದಿನದು ನನ್ನ ಎದುರು ಕುಳಿತವರನ್ನು ನೋಡಿ ನನಗನ್ನಿಸಿದ್ದು, ಪ್ರಯೋಗದ ತೀರ್ಮಾನವಲ್ಲ: ಅದೇ ಕಾವಲುಗಾರ ಅರೆಬೆಂದ ಐಡಿಯಾಗಳನ್ನೂ ಬಾಗಿಲಲ್ಲೇ ತಡೆಯುತ್ತಾನೆ. ಹೊಸ ಹೊಳಹು ಹುಟ್ಟುವಾಗ ಪೆದ್ದುಪೆದ್ದಾಗಿ, ಅವಮಾನಕರವಾಗಿ, ಸ್ವಲ್ಪ ಅಶ್ಲೀಲವಾಗಿಯೂ ಇರುತ್ತದೆ. ‘ಇದನ್ನು ತೋರಿಸಬಾರದು’ ಎಂಬ ಅಭ್ಯಾಸ ಗಟ್ಟಿಯಾದವರಿಗೆ ಅಂಥದ್ದು ತಮಗೂ ಕಾಣಿಸುವುದಿಲ್ಲ. ‘ನೀಟಾಗಿದೆ, ಹೊಸದೇನೂ ಇಲ್ಲ’ ಎಂಬ ಮಾತು ಕೇಳಿ ನನಗೆ ಮೊದಲು ನೆನಪಾದದ್ದು ಈ ಕಾವಲುಗಾರನೇ.

ಈಗ ನಿಮ್ಮ ಸಿಟ್ಟಿನ ಕಡೆಗೆ ಬರೋಣ. ಅದಕ್ಕೆ ಸಲ್ಲಬೇಕಾದ ಶ್ರೇಯವನ್ನು ಕೊಡಲೇಬೇಕು.

ಸಂತೋಷವಾಗಿದ್ದರೆ ಐಡಿಯಾ ಹೊಳೆಯುತ್ತದೆ ಎಂಬ ಮಾತು ನೀವು ಕೇಳಿರುತ್ತೀರಿ. ಅದರ ಬೇರು ಒಂದು ಹಳೆಯ ಒಗಟಿನಲ್ಲಿದೆ. ಜರ್ಮನಿಯ ಕಾರ್ಲ್ ಡಂಕರ್ ಎಂಬವರು ಹೆಣೆದದ್ದು. ಮೇಜಿನ ಮೇಲೆ ಒಂದು ಮೇಣದಬತ್ತಿ, ಬೆಂಕಿಕಡ್ಡಿಗಳು, ಒಂದು ಡಬ್ಬಿಯ ತುಂಬ ಬೋರ್ಡ್ ಪಿನ್ನುಗಳು. ಮೇಣ ಕೆಳಗೆ ತೊಟ್ಟಿಕ್ಕದ ಹಾಗೆ ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಉರಿಸಬೇಕು. ಜನ ಬತ್ತಿಗೇ ಪಿನ್ನು ಚುಚ್ಚುತ್ತಾರೆ, ಮೇಣ ಕರಗಿಸಿ ಅಂಟಿಸಲು ನೋಡುತ್ತಾರೆ. ಡಬ್ಬಿಯೊಳಗಿನ ಪಿನ್ನು ಸುರಿದು, ಖಾಲಿ ಡಬ್ಬಿಯನ್ನೇ ಗೋಡೆಗೆ ಚುಚ್ಚಿ ಅದನ್ನು ಪುಟ್ಟ ಗೂಡಿನಂತೆ ಬಳಸಬಹುದು ಎಂದು ಹೊಳೆಯುವುದೇ ಇಲ್ಲ. ಡಬ್ಬಿ ಎಂದರೆ ಪಿನ್ನು ತುಂಬುವುದಕ್ಕೆ ಎಂದು ಕಣ್ಣು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. 1987ರಲ್ಲಿ ಆಲಿಸ್ ಐಸೆನ್ ಮತ್ತು ಸಂಗಡಿಗರು ಒಂದು ಗುಂಪಿಗೆ ನಗೆಚಿತ್ರದ ತುಣುಕು ತೋರಿಸಿ ಆಮೇಲೆ ಈ ಒಗಟು ಕೊಟ್ಟರು. ನಕ್ಕು ಬಂದವರಲ್ಲಿ ಡಬ್ಬಿಯ ಗುಟ್ಟು ಹೊಳೆದವರು ಬಹಳ ಹೆಚ್ಚು. ಅಂದಿನಿಂದ ‘ಖುಷಿಯಾಗಿರಿ, ಸೃಜನಶೀಲರಾಗುತ್ತೀರಿ’ ಎಂಬ ಉಪದೇಶ ಜನಪ್ರಿಯವಾಯಿತು. ಆಫೀಸುಗಳಲ್ಲಿ ಬಣ್ಣಬಣ್ಣದ ಬೀನ್ ಬ್ಯಾಗುಗಳು ಬಂದು ಕೂತದ್ದರ ಹಿಂದೆಯೂ ಇದೇ ನಂಬಿಕೆ ಇದ್ದಿರಬೇಕು.

ಆದರೆ ಕತೆ ಅಷ್ಟಕ್ಕೆ ಮುಗಿಯಲಿಲ್ಲ. ನೆದರ್‌ಲೆಂಡ್ಸಿನ ಮೂವರು, ಮಥಾಯಸ್ ಬಾಸ್, ಕಾರ್ಸ್ಟನ್ ಡಿ ಡ್ರೂ, ಬರ್ನಾರ್ಡ್ ನೈಸ್ಟಾಡ್, 25 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 2008ರಲ್ಲಿ ಸೋಸಿ ನೋಡಿದರು. ಮನಸ್ಥಿತಿ ಹಿತವೋ ಅಹಿತವೋ ಎಂಬುದೊಂದೇ ಲೆಕ್ಕಕ್ಕೆ ಬರುವುದಿಲ್ಲ, ಅದು ನಮ್ಮನ್ನು ಎಬ್ಬಿಸುತ್ತದೆಯೋ ಮಲಗಿಸುತ್ತದೆಯೋ ಎಂಬುದೂ ಮುಖ್ಯ ಎಂಬುದು ಅವರಿಗೆ ಕಂಡ ಸಂಗತಿ. ಉಲ್ಲಾಸ ಹಿತವೂ ಹೌದು, ಎಬ್ಬಿಸುವಂಥದ್ದೂ ಹೌದು. ನಿರಾಳತೆ ಹಿತ, ಆದರೆ ಮಲಗಿಸುವಂಥದ್ದು. ಅಂದರೆ ಬರಿಯ ಶಾಂತಿಯಿಂದ ಐಡಿಯಾ ಹುಟ್ಟಬೇಕೆಂದೇನೂ ಇಲ್ಲ. ನಿಮಗೆ ಈಗ ಒದಗಿರುವುದು ಈ ಬಗೆಯ ಶಾಂತಿ, ಅದೂ ಒಳಗೆ ಮುಚ್ಚಳ ಒತ್ತಿ ಹಿಡಿದ ಶಾಂತಿ! ಸೃಜನಶೀಲತೆಗೆ ಎರಡು ದಾರಿಗಳಿವೆ ಎಂದೂ ಈ ಮೂವರು ಹೇಳಿದರು. ಒಂದು, ಮನಸ್ಸು ಕೊಂಬೆಯಿಂದ ಕೊಂಬೆಗೆ ಹಾರುವುದು. ಉಲ್ಲಾಸಕ್ಕೆ ಇದು ಸಲೀಸು. ಇನ್ನೊಂದು, ಒಂದೇ ಬಾವಿಯನ್ನು ಪಟ್ಟು ಹಿಡಿದು ತೋಡುವುದು. ಎಬ್ಬಿಸುವ ಅಹಿತ ಭಾವನೆಗಳು ಹೆಚ್ಚಾಗಿ ಈ ದಾರಿ ಹಿಡಿಸುತ್ತವೆ. ಇಲ್ಲಿ ಭಯಕ್ಕೆ ಮಾತ್ರ ಒಳ್ಳೆಯ ಹೆಸರಿಲ್ಲ, ಅದು ಮನಸ್ಸನ್ನು ಕಿರಿದು ಮಾಡುತ್ತದೆ.

ಹಾಗಾದರೆ ಸಿಟ್ಟು? ಇದೇ ಮೂವರು 2011ರಲ್ಲಿ ಸಿಟ್ಟನ್ನೇ ಪ್ರತ್ಯೇಕವಾಗಿ ತೆಗೆದುಕೊಂಡರು. ಸಿಟ್ಟಿಗೆದ್ದವರು ಆರಂಭದಲ್ಲಿ ಇತರರಿಗಿಂತ ಹೆಚ್ಚು, ಹೆಚ್ಚು ವಿಶಿಷ್ಟ ಐಡಿಯಾಗಳನ್ನು ಕಕ್ಕಿದರು, ಅಡ್ಡಾದಿಡ್ಡಿಯಾಗಿ ಅಲ್ಲಿಂದಿಲ್ಲಿಗೆ ಜಿಗಿದರು. ಆದರೆ ಹೊತ್ತು ಹೋದಂತೆ ಬೇಗ ಬರಿದಾದರು. ಹುಲ್ಲಿಗೆ ಬಿದ್ದ ಬೆಂಕಿಯಂತೆ.

ನಿಮ್ಮ ಹಳೆಯ ಕತೆಗಳನ್ನು ಒಮ್ಮೆ ತೆಗೆದು ನೋಡಿ. ನಾನು ಅವನ್ನು ಓದಿಲ್ಲ, ಆದರೂ ಪಂತ ಕಟ್ಟುತ್ತೇನೆ: ಮೊದಲೆರಡು ಪುಟ ಉರಿಯುತ್ತಿರುತ್ತವೆ, ಮುಗಿಸಿದ ರೀತಿಯಲ್ಲಿ ಏನೋ ಆತುರವಿರುತ್ತದೆ. ಜಗಳದ ರಾತ್ರಿ ಶುರುವಾಗಿ ಬೆಳಗ್ಗೆ ನಿಂತುಹೋದ ಅರ್ಧ ಕತೆಗಳು ಎಷ್ಟಿವೆ ಎಂದೂ ಎಣಿಸಿ. ಅವನ್ನು ನಾವು ಮರೆತುಬಿಡುತ್ತೇವೆ, ಗೆದ್ದ ನಾಲ್ಕು ಕತೆಗಳನ್ನಷ್ಟೇ ಸಿಟ್ಟಿನ ಖಾತೆಗೆ ಬರೆಯುತ್ತೇವೆ. ಇನ್ನೊಂದೂ ಇದೆ. ಜಗಳದ ರಾತ್ರಿ ನೀವು ಕತೆ ಬರೆಯಲು ಕೂರುತ್ತಿದ್ದಿರಿ; ಉಳಿದ ರಾತ್ರಿ ಕೂರುತ್ತಿದ್ದಿರೇ? ಸಿಟ್ಟು ನಿಮಗೆ ಪ್ರತಿಭೆಯ ಬದಲು ಗಂಟೆ ಬಾರಿಸುವ ಜವಾನನ ಕೆಲಸವನ್ನಷ್ಟೇ ಮಾಡುತ್ತಿತ್ತೇನೋ. ಜವಾನ ರಜೆ ಹಾಕಿದ, ನೀವು ತರಗತಿಯೇ ಇಲ್ಲವೆಂದು ತಿಳಿದಿರಿ.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಒಂದು ಹಳೆಯ ಮಾತನ್ನು ತರದೆ ಇರಲಾರೆ, ಮನಶ್ಶಾಸ್ತ್ರದ ಜನ ಹುಬ್ಬೇರಿಸಿದರೂ ಸರಿ. ಕ್ರೌಂಚವಧೆಯ ಕತೆ ನಿಮಗೆ ಗೊತ್ತೇ ಇದೆ. ಜೋಡಿಹಕ್ಕಿಯಲ್ಲಿ ಒಂದನ್ನು ಬೇಡ ಹೊಡೆದ, ವಾಲ್ಮೀಕಿಯ ಬಾಯಿಂದ ಶಾಪ ಹೊರಬಿತ್ತು, ಶೋಕವೇ ಶ್ಲೋಕವಾಯಿತು. ಇದನ್ನು ಕೇಳಿದವರೆಲ್ಲ ‘ನೋಡಿ, ಭಾವನೆ ಉಕ್ಕಿದರೆ ಕಾವ್ಯ’ ಎನ್ನುತ್ತಾರೆ. ಆದರೆ ಮುಂದಿನದನ್ನು ಓದಿ. ಶಾಪ ಕೊಟ್ಟ ಕೂಡಲೇ ಮುನಿ ತಡೆದು ನಿಲ್ಲುತ್ತಾನೆ. ಹಕ್ಕಿಯ ದುಃಖಕ್ಕೆ ನೊಂದು ನಾನೇನಿದು ನುಡಿದುಬಿಟ್ಟೆ ಎಂದು ಯೋಚಿಸುತ್ತಾನೆ. ಆ ಮಾತು ನಾಲ್ಕು ಪಾದವಾಗಿ, ಸಮ ಅಕ್ಷರಗಳಲ್ಲಿ, ವೀಣೆಗೆ ಹೊಂದುವಂತೆ ಬಂದಿರುವುದನ್ನು ಗಮನಿಸಿ ಶಿಷ್ಯ ಭರದ್ವಾಜನಿಗೆ ಹೇಳುತ್ತಾನೆ. ನನ್ನ ಮಟ್ಟಿಗೆ ಕಾವ್ಯ ಹುಟ್ಟಿದ್ದು ಆ ತಡೆದು ನಿಂತ ಗಳಿಗೆಯಲ್ಲಿ. ಉಕ್ಕಿ ಬಂದದ್ದು ಶಾಪ ಮಾತ್ರ. ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಇನ್ನೂ ಖಡಾಖಂಡಿತವಾಗಿ ಹೇಳಿದ್ದಾನೆ: ಈ ಶೋಕ ಮುನಿಯ ಸ್ವಂತ ದುಃಖ ಎಂದು ತಿಳಿಯಬೇಡಿ, ದುಃಖದಲ್ಲೇ ಬೇಯುತ್ತಿರುವವನಿಗೆ ಇಂಥ ಸ್ಥಿತಿ ಒದಗದು. ಅವನು ಹೇಳುವುದು ಭಾವನೆಯನ್ನು ಅದುಮಿದವನ ಬಗ್ಗೆಯೂ ಅಲ್ಲ, ಅದರಲ್ಲಿ ಮುಳುಗಿದವನ ಬಗ್ಗೆಯೂ ಅಲ್ಲ. ಭಾವನೆ ಅಲ್ಲೇ ಇದೆ, ಪೂರ್ತಿ ಇದೆ, ಆದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅದನ್ನು ನೋಡಬಲ್ಲವನ ಬಗ್ಗೆ.

ಆ ಒಂದು ಹೆಜ್ಜೆಯೇ ಗ್ರಾಸ್ ನಕ್ಷೆಯ ನಾಲ್ಕನೆಯ ದಾರಿ. ನಡೆದದ್ದು ಅದೇ, ಅದರ ಅರ್ಥವನ್ನು ಬೇರೆ ಕಡೆಯಿಂದ ಓದುವುದು. ಮರುಓದು ಎನ್ನೋಣ. ಈಗ ಡಂಕರನ ಡಬ್ಬಿಯನ್ನು ನೆನಪಿಸಿಕೊಳ್ಳಿ. ಪಿನ್ನಿನ ಡಬ್ಬಿ ಗೂಡಾಗಬಹುದು ಎಂದು ಕಾಣುವುದಕ್ಕೂ, ಲೇವಡಿ ಮಾಡಿದವನ ಮಾತು ಹೆದರಿಕೆಯಿಂದ ಬಂದದ್ದಿರಬಹುದು ಎಂದು ಕಾಣುವುದಕ್ಕೂ ಮನಸ್ಸು ಮಾಡಬೇಕಾದ ಕೆಲಸ ಹತ್ತಿರ ಹತ್ತಿರ ಒಂದೇ: ಮೊದಲು ಕಂಡ ಅರ್ಥವನ್ನು ಬಿಟ್ಟುಕೊಡುವುದು. ಸೃಜನಶೀಲತೆ ಅಳೆಯುವ ಹೆಸರಾಂತ ಪರೀಕ್ಷೆಯಲ್ಲಿ ‘ಒಂದು ಇಟ್ಟಿಗೆಯನ್ನು ಏನೇನಕ್ಕೆಲ್ಲ ಬಳಸಬಹುದು’ ಎಂದು ಕೇಳುತ್ತಾರೆ. ಜರ್ಮನಿಯ ಹನ್ನೆಲೋರ್ ವೆಬರ್ ಮತ್ತು ಸಂಗಡಿಗರು 2014ರಲ್ಲಿ ಅದನ್ನೇ ಸಿಟ್ಟು ಬರಿಸುವ ಸನ್ನಿವೇಶಗಳಿಗೆ ಹೊಂದಿಸಿದರು: ಈ ಘಟನೆಯನ್ನು ಎಷ್ಟು ಬೇರೆ ಬೇರೆ ರೀತಿಯಲ್ಲಿ ನೋಡಬಹುದು, ಬರೆಯಿರಿ. ಹೆಚ್ಚು ಬಗೆಯಲ್ಲಿ ನೋಡಬಲ್ಲವರು ಸಾಮಾನ್ಯ ಸೃಜನಶೀಲ ಪರೀಕ್ಷೆಯಲ್ಲೂ ಮುಂದಿದ್ದರು. ಇನ್ನೂ ಇತ್ತೀಚೆಗೆ, 2023ರಲ್ಲಿ, ಲಿಲಿ ಝು ಮತ್ತಿಬ್ಬರು ಪ್ರಕಟಿಸಿದ ಅಧ್ಯಯನದಲ್ಲಿ ಸಿಟ್ಟು ಬರಿಸುವ ಸಂಗತಿಯನ್ನು ಮರುಓದಿಗೆ ಒಡ್ಡಿದವರು ಆಮೇಲೆ, ಆ ಸಂಗತಿಗೆ ಸಂಬಂಧವೇ ಇಲ್ಲದ ಕೆಲಸದಲ್ಲೂ ಹೆಚ್ಚು ಹೊಸತನ ತೋರಿದರು. ಸ್ವಾರಸ್ಯವೆಂದರೆ ಈ ಲಾಭ ದಕ್ಕಿದ್ದು ಸಾಂಪ್ರದಾಯಿಕವಾಗಿ ಯೋಚಿಸುವವರಿಗೆ. ಮೊದಲೇ ಮನಸ್ಸು ತೆರೆದಿಟ್ಟವರಿಗೆ ಅಂಥ ವ್ಯತ್ಯಾಸವೇನೂ ಆಗಲಿಲ್ಲ, ಅವರು ಹೇಗೂ ಆ ಅಭ್ಯಾಸದಲ್ಲೇ ಇರುವವರು.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಭಾವನೆಗಳನ್ನು ನಿಭಾಯಿಸುವುದರಿಂದ ಸೃಜನಶೀಲತೆ ಬತ್ತುವುದಿಲ್ಲ. ಒಂದೇ ಬಗೆಯಲ್ಲಿ, ಒಂದೇ ಹಂತದಲ್ಲಿ, ಎಲ್ಲ ಹೊತ್ತಿನಲ್ಲೂ ಅದುಮಿದರೆ ಬತ್ತಬಹುದು.

ಇನ್ನು ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಮೊದಲ ಕೆಲಸ ಹೆಸರಿಡುವುದು. ‘ಸಿಟ್ಟು’ ಎಂಬ ಒಂದೇ ಚೀಲದಲ್ಲಿ ನೀವು ಎಷ್ಟನ್ನು ತುರುಕಿದ್ದೀರಿ? ಕನ್ನಡ ಈ ವಿಷಯದಲ್ಲಿ ಸಿರಿವಂತ ಭಾಷೆ. ರೇಗು ಬೇರೆ, ಮುನಿಸು ಬೇರೆ. ಮುನಿಸಿನಲ್ಲಿ ಎದುರಿನವರು ಬಂದು ಸಮಾಧಾನ ಮಾಡಲಿ ಎಂಬ ಆಸೆಯಿದೆ. ಕಿರಿಕಿರಿ, ಕಸಿವಿಸಿ, ಹೊಟ್ಟೆಕಿಚ್ಚು, ಬೇಗುದಿ, ಅಸಹನೆ, ರೊಚ್ಚು, ಇವು ಒಂದೊಂದೂ ಒಂದೊಂದು ಕತೆಯ ಬೀಜ. ಭಾವನೆಗೆ ಪದ ಕೊಟ್ಟಾಗ ಮಿದುಳಿನಲ್ಲಿ ಅಪಾಯದ ಗಂಟೆ ಹೊಡೆಯುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ತಂಡ 2007ರಲ್ಲಿ ಸ್ಕ್ಯಾನ್ ಮೂಲಕ ತೋರಿಸಿದೆ. ನಿಮಗಂತೂ ಇದರಿಂದ ಎರಡು ಲಾಭ. ಉರಿ ಇಳಿಯುತ್ತದೆ, ಪದ ಉಳಿಯುತ್ತದೆ.

ಎರಡನೆಯದು ಯಾರೂ ಓದದ ಬರವಣಿಗೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ವಿದ್ಯಾರ್ಥಿಗಳನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಅತಿ ನೋವಿನ ಅನುಭವದ ಬಗ್ಗೆ ಬರೆಯಲು ಕೂರಿಸಿದರು. ಬರೆದ ಕೂಡಲೇ ಮನಸ್ಸು ಭಾರವಾದದ್ದು ಹೌದು. ಆದರೆ ಬರಿಯ ಘಟನೆಯ ಜೊತೆ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ್ದು ಕಡಿಮೆ. ನಿಮಗೆ ನಾನು ಇದನ್ನು ಹೇಳುತ್ತಿರುವುದು ಕಾವಲುಗಾರನ ಸಲುವಾಗಿ. ಓದುಗರಿಲ್ಲದ ಪುಟದಲ್ಲಿ ಅವನಿಗೆ ಕೆಲಸವಿಲ್ಲ. ಕಾಗುಣಿತ ನೋಡಬೇಡಿ, ಸಾಹಿತ್ಯ ಮಾಡಬೇಡಿ, ಕತೆಗೆ ಬೇಕಾಗಬಹುದೆಂಬ ದುರಾಸೆಯೂ ಬೇಡ. ಬರೆದು ಹರಿದರೂ ಅಡ್ಡಿಯಿಲ್ಲ. ತೀರಾ ಹಸಿ ಗಾಯದ ಬಗ್ಗೆ ಮಾತ್ರ ಈಗಲೇ ಬರೆಯಲು ಹೊರಡಬೇಡಿ, ಕೆದಕುವುದಕ್ಕೂ ಬರೆಯುವುದಕ್ಕೂ ಅಂತರವಿದೆ.

ಮೂರನೆಯದು ಮರುಓದಿನ ಆಟ. ವಾರಕ್ಕೆರಡು ಸಲ, ಸಿಟ್ಟು ತರಿಸಿದ ಒಂದು ಸಣ್ಣ ಘಟನೆಯನ್ನು ಆರಿಸಿ. ದೊಡ್ಡ ಗಾಯ ಬೇಡ, ಸಾಲಿನಲ್ಲಿ ನಿಮ್ಮ ಮುಂದೆ ನುಗ್ಗಿದವರಂಥ ಚಿಲ್ಲರೆ ಸಂಗತಿ ಸಾಕು. ಅದಕ್ಕೆ ಹತ್ತು ಬೇರೆ ಬೇರೆ ವಿವರಣೆ ಬರೆಯಿರಿ. ಸಮಾಧಾನ ಕೊಡುವ ವಿವರಣೆಯನ್ನೇ ಹುಡುಕಬೇಡಿ. ಜನ ಇಲ್ಲೇ ಎಡವುವುದು, ‘ಹೋಗಲಿ ಬಿಡು, ಅವರಿಗೇನು ಕಷ್ಟವೋ’ ಎಂದು ಮೊದಲ ಸಾಲಿನಲ್ಲೇ ಸಂತರಾಗಿಬಿಡುತ್ತಾರೆ. ಅದು ಅದುಮುವಿಕೆಯದೇ ಇನ್ನೊಂದು ವೇಷ. ಹಾಸ್ಯಾಸ್ಪದ ವಿವರಣೆ ಬರಲಿ, ನಿಮ್ಮದೇ ತಪ್ಪಾಗುವ ವಿವರಣೆ ಬರಲಿ, ನುಗ್ಗಿದವರು ಇಬ್ಬರು ಅವಳಿಗಳಲ್ಲಿ ಒಬ್ಬರಾಗಿರುವ ವಿವರಣೆಯೂ ಬರಲಿ. ಆರನೆಯದರ ಹೊತ್ತಿಗೆ ಮನಸ್ಸು ಖಾಲಿಯಾಗುತ್ತದೆ. ಅಲ್ಲಿಂದಾಚೆ ಬರುವುದರಲ್ಲೇ ಸತ್ವ. ಎದುರಿನವರ ಬಾಯಿಂದ ನಾಲ್ಕು ಸಾಲು ಬರೆದರಂತೂ ಅದಾಗಲೇ ಒಂದು ಪಾತ್ರ.

ಕತೆಯ ಕೆಲಸವನ್ನೂ ಒಡೆದುಕೊಳ್ಳಿ. ಬಿಸಿ ಇರುವಾಗ ಟಿಪ್ಪಣಿ: ಪದ, ಮುಖಭಾವ, ಸಂಭಾಷಣೆಯ ಚೂರು. ತಣಿದ ಮೇಲೆ ಕತೆ. ಸಿಟ್ಟು ಆರಂಭಕ್ಕೆ ಒಳ್ಳೆಯದು, ನಡುವಿನ ಪುಟಗಳನ್ನು ದಾಟಿಸಲು ಅದರ ಕೈಲಾಗದು. ಆ ನಡುವಿನ ಪುಟಗಳಲ್ಲಿ ಎದುರಾಗುವ ಭಾವನೆಗಳು ಬೇರೆಯೇ: ಬೇಸರ, ‘ಇದು ಯಾರಿಗೆ ಬೇಕು’ ಎಂಬ ಅಳುಕು, ಇನ್ನೊಬ್ಬರ ಕತೆ ಓದಿ ಆಗುವ ಸಂಕಟ. ಜೋರಾನಾ ಇವ್ಸೆವಿಕ್ ಮತ್ತು ಮಾರ್ಕ್ ಬ್ರ್ಯಾಕೆಟ್ ಹೈಸ್ಕೂಲು ಮಕ್ಕಳ ಬಗ್ಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾವನೆ ನಿಭಾಯಿಸುವ ಸಾಮರ್ಥ್ಯಕ್ಕೂ ಸೃಜನಶೀಲತೆಗೂ ನೇರ ನಂಟು ಕಾಣಲಿಲ್ಲ. ಹೊಸತಿಗೆ ಮನಸ್ಸು ತೆರೆದಿದ್ದ ಮಕ್ಕಳಲ್ಲಿ ಮಾತ್ರ ಆ ಸಾಮರ್ಥ್ಯ ಪಟ್ಟಾಗಿ, ಒಲವಾಗಿ ತಿರುಗಿ ನೆರವಿಗೆ ಬಂದಿತ್ತು. ಬೀಜ ಇದ್ದರೆ ಇದು ನೀರು, ಅಷ್ಟೆ. ನಿಮ್ಮಲ್ಲಿ ಬೀಜ ಇಲ್ಲ ಎಂದು ನನಗೆ ಪತ್ರ ಓದಿ ಅನ್ನಿಸಲಿಲ್ಲ.

ಒಂದು ಎಚ್ಚರಿಕೆ. ‘ಅಳುವುದೂ ಇಲ್ಲ’ ಎಂದಿದ್ದೀರಿ. ಕತೆಯೊಂದೇ ಅಲ್ಲದೆ ಊಟ, ಹಾಡು, ಗೆಳೆಯರು ಎಲ್ಲವೂ ಸಪ್ಪೆಯಾಗಿ, ನಿದ್ದೆ ಕೆಟ್ಟು, ಎರಡು ವಾರಕ್ಕಿಂತ ಹೆಚ್ಚು ಕಾಲ ಹೀಗೇ ಇದ್ದರೆ ಅದು ಬರಹಗಾರರ ಬರಗಾಲವಲ್ಲ, ಖಿನ್ನತೆ ಇರಬಹುದು. ಮನೋವೈದ್ಯರನ್ನು ಕಾಣಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕೆಲವು ಖಿನ್ನತೆಯ ಮಾತ್ರೆಗಳು ಭಾವನೆಗಳನ್ನು ಮೊಂಡು ಮಾಡುವುದುಂಟು. ನೀವಾಗಿಯೇ ನಿಲ್ಲಿಸದೆ, ಕೊಟ್ಟವರಿಗೆ ತಿಳಿಸಿ. ಕಲಾವಿದರಿಗೆ ನೋವೇ ಬಂಡವಾಳ ಎಂಬ ಮಾತು ಕೇಳಿ ಚಿಕಿತ್ಸೆ ಮುಂದೂಡುವವರನ್ನು ನಾನು ನೋಡಿದ್ದೇನೆ, ಆ ಮಾತಿನ ಮೇಲೆ ನನಗೆ ಸಿಟ್ಟಿದೆ. (ಹೌದು, ಸಿಟ್ಟೇ.) 1987ರಲ್ಲಿ ನ್ಯಾನ್ಸಿ ಆಂಡ್ರಿಯಾಸೆನ್ ಅಮೆರಿಕದ 30 ಲೇಖಕರನ್ನು ಅಧ್ಯಯನ ಮಾಡಿ ಅವರಲ್ಲಿ ಮನೋವ್ಯಾಧಿಯ ಇತಿಹಾಸ ಹೆಚ್ಚೆಂದು ಕಂಡದ್ದು ನಿಜ. ಖಿನ್ನತೆ ಕವಿದಾಗ ತಾವು ಬರೆಯಲಾರೆವು ಎಂದು ಹೇಳಿದವರೂ ಅದೇ ಲೇಖಕರು.

ಮನೆಯಲ್ಲಿ ಮತ್ತೆ ಸಿಟ್ಟು ಬಂದರೆ ಏನು ಮಾಡಲಿ ಎಂದು ನೀವು ಕೇಳಿಲ್ಲ, ಆದರೆ ಮುಚ್ಚಳ ಸಡಿಲಿಸಿದಾಗ ಅದು ಬಂದೇ ಬರುತ್ತದೆ. ಬಂದಾಗ ಮುಖ ಕಲ್ಲು ಮಾಡಿಕೊಳ್ಳಬೇಡಿ, ಕೂಗಲೂ ಬೇಡಿ. ‘ನನಗೀಗ ಸಿಟ್ಟು ಬಂದಿದೆ, ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎಂದು ಬಾಯಿ ಬಿಟ್ಟು ಹೇಳಿ ಪಕ್ಕದ ಕೋಣೆಗೆ ಹೋಗಿ. ಎರಡು ವರ್ಷದಿಂದ ನಿಮ್ಮ ಮುಖ ಓದಲಾಗದೆ ಮನೆಯವರೂ ಸೋತಿರಬಹುದು. ಆ ಅರ್ಧ ಗಂಟೆಗೆಂದು ಕೋಣೆಯಲ್ಲಿ ಒಂದು ನೋಟ್‌ಬುಕ್ಕು ಇಟ್ಟಿರಿ. ಮೊದಲ ಹತ್ತು ನಿಮಿಷ ಏನು ಬೇಕಾದರೂ ಗೀಚಿ, ಹನ್ನೊಂದನೆಯ ನಿಮಿಷಕ್ಕೆ ಅವರು ಹೇಳಿದ ಕೊನೆಯ ವಾಕ್ಯವನ್ನು ಇದ್ದ ಹಾಗೆ, ಅವರ ದನಿಯಲ್ಲೇ ಬರೆದುಕೊಳ್ಳಿ. ಆಮೇಲೆ ಹೊರಗೆ ಬಂದು ಮಾತು ಮುಂದುವರಿಸಿ.